ಏನನ್ನೂ ಮಾರದ ಸಲಹೆಗೆ ಕೊಟ್ಟ ಆರೂವರೆ ಸಾವಿರ

ರಾಯಚೂರಿನ ರಾಜೇಂದ್ರ ಗಂಜಿನ ದಲಾಲಿ ಅಂಗಡಿಯೊಂದರಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಗುಮಾಸ್ತ. ಹತ್ತಿ, ತೊಗರಿ, ಭತ್ತ ತಂದ ರೈತರ ಹೆಸರಿಗೆ ಜಮಾ ಎಷ್ಟು, ಅವರು ಎತ್ತಿದ ಮುಂಗಡ ಎಷ್ಟು, ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಶಿಲ್ಕು ಎಷ್ಟು ಎಂದು ಬರೆಯುವುದು ನನ್ನ ಕೆಲಸ. ಹಮಾಲರ ಕೂಲಿಯಲ್ಲಿ ಐದು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗುವುದಿಲ್ಲ. ಹಾಗಿದ್ದೂ ಮಗಳು ದ್ವಿತೀಯ ಪಿಯುಸಿಗೆ ಬಂದಾಗ, ಅವಳ ಮುಂದಿನ ಓದಿಗೆ ನಮ್ಮಲ್ಲಿ ಎಷ್ಟಿದೆ ಎಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಒಂದು ಅಂಕಿ ಇರಲಿಲ್ಲ. ಪಾಲಿಸಿ ಇದೆ, ಚೀಟಿ ಇದೆ, ಅಂಚೆ ಕಚೇರಿಯಲ್ಲಿ ಒಂದಿಷ್ಟು ಇದೆ ಎನ್ನುತ್ತಿದ್ದೆ, ಅಷ್ಟೇ.

2024ರ ದೀಪಾವಳಿಯಲ್ಲಿ ಅಂಗಡಿಯ ಹೊಸ ಖಾತೆ ಪುಸ್ತಕಕ್ಕೆ ಪೂಜೆಯಾದ ಮರುವಾರ, ಪರಿಚಯದ ಶಿಕ್ಷಕರೊಬ್ಬರು ಸ್ಟೇಷನ್ ರಸ್ತೆಯ ಒಂದು ಸಲಹಾ ಕಚೇರಿಯ ಬಗ್ಗೆ ಹೇಳಿದರು. ಔಷಧದ ಅಂಗಡಿಯ ಮೇಲಿನ ಒಂದೇ ಕೋಣೆ, ಕಡಿದಾದ ಮೆಟ್ಟಿಲು. ಮಕ್ಕಳ ಕಾಲೇಜು ಮತ್ತು ಮನೆಯ ಹಣಕಾಸು ಎರಡನ್ನೂ ಒಟ್ಟಿಗೆ ನೋಡಿ ಸಲಹೆ ಕೊಡುವ ಒಬ್ಬ ಮಹಿಳೆ, ಜೊತೆಗೆ ಒಬ್ಬ ಸಹಾಯಕ. ಜೂನ್ ತನಕ ಹೊಸ ಕುಟುಂಬಗಳನ್ನು ತೆಗೆದುಕೊಳ್ಳುವುದಿಲ್ಲ ಎಂದು ಅವರೇ ಹೇಳಿರುವುದರಿಂದ ಹೆಸರು ಬರೆಯುತ್ತಿಲ್ಲ. ಇಂಥ ಸೇವೆಗೆ ಹಣ ಕೊಡುವುದು ಸರಿಯೇ ಎಂದು ನನ್ನ ಹಾಗೆಯೇ ಅನುಮಾನ ಪಡುವವರಿಗಾಗಿ, ಒಂದು ವರ್ಷದ ಅನುಭವವನ್ನು ಬರೆಯುತ್ತಿದ್ದೇನೆ.

ಶುಲ್ಕ ಆರೂವರೆ ಸಾವಿರ, ಎರಡು ಕಂತು. ಇಷ್ಟು ದಿನ ನಮ್ಮ ಮನೆಗೆ ಹಣದ ಸಲಹೆ ಕೊಟ್ಟವರೆಲ್ಲ ಪುಕ್ಕಟೆಯಾಗಿಯೇ ಕೊಟ್ಟಿದ್ದರು. ಹೋಗುವಾಗ ಒಂದು ಅರ್ಜಿಗೆ ಸಹಿ ಹಾಕಿಸಿಕೊಂಡು ಹೋಗಿದ್ದರು. ಈಕೆ ಮೊದಲ ಹತ್ತು ನಿಮಿಷ ತಮ್ಮ ಬಗ್ಗೆಯೇ ಹೇಳಿದರು. ತಾವು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರು, 2013ರ ನಿಯಮದ ಪ್ರಕಾರ ಸಲಹೆಗೆ ಶುಲ್ಕ ಪಡೆದ ಕುಟುಂಬಕ್ಕೆ ಏನನ್ನಾದರೂ ಮಾರಿ ಕಮಿಷನ್ ಪಡೆಯುವಂತಿಲ್ಲ, ತಮ್ಮ ನೋಂದಣಿ ಸಂಖ್ಯೆ ಐಎನ್‌ಎ ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಮ್ಯೂಚುವಲ್ ಫಂಡ್ ಮಾರುವವರ ಬಳಿ ಇರುವುದು ಎಆರ್‌ಎನ್ ಎಂಬ ಬೇರೆ ಸಂಖ್ಯೆ ಎಂದು ತಿಳಿಸಿ, "ಅಣ್ಣಾವರೇ, ನನ್ನ ಮಾತು ನಂಬಬೇಡಿ, ಸೆಬಿಯ ಜಾಲತಾಣದಲ್ಲಿ ನೋಡಿಕೊಂಡು ಮೊದಲ ಕಂತು ಕೊಡಿ" ಎಂದರು. ಮಗಳು ಅಲ್ಲೇ ಮೊಬೈಲಿನಲ್ಲಿ ಹುಡುಕಿದಳು. ಹೆಸರು ಇತ್ತು. ಕಂತು ಕೊಟ್ಟೆ.

ಮುಂದಿನ ಭಾನುವಾರ ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ನಾಲ್ವರೂ ಹೋದೆವು. ನನ್ನ ಸಂಬಳ ತಿಂಗಳಿಗೆ ಇಪ್ಪತ್ತು ಸಾವಿರ, ದೀಪಾವಳಿಗೆ ಮೂವತ್ತು ಸಾವಿರ ಬೋನಸ್. ಹೆಂಡತಿ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ, ಖರ್ಚು ಕಳೆದು ತಿಂಗಳಿಗೆ ಮೂರು ಸಾವಿರ ಉಳಿಯುತ್ತದೆ. ನಮ್ಮೂರು ಕಲ್ಮಲದ ಎರಡು ಎಕರೆ ಮಳೆಯಾಶ್ರಿತ ಹೊಲದ ಹತ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ನಾನೇ ಹೇಳಿದೆ. ಬಂದ ವರ್ಷ ಬಂತು. ಒಟ್ಟು ವರ್ಷಕ್ಕೆ 3,06,000 ರೂಪಾಯಿ. ಆ ಅಂಕಿಯನ್ನು ಅವರು ಹಾಳೆಯ ತಲೆಗೆ ದೊಡ್ಡದಾಗಿ ಬರೆದರು.

ನಂತರ ಪಾಲಿಸಿಗಳು. 2011ರಲ್ಲಿ ಮಗಳ ಹೆಸರಿಗೆ ಒಂದು ಪಾಲಿಸಿ ಮಾಡಿಸಿದ್ದೆ. ವರ್ಷಕ್ಕೆ 18,000 ಕಂತು, ಇಪ್ಪತ್ತು ವರ್ಷ. ಅದನ್ನು ನಾವು ಮನೆಯಲ್ಲಿ "ಓದಿನ ಪಾಲಿಸಿ" ಎಂದೇ ಕರೆಯುತ್ತಿದ್ದೆವು. ಸಲಹೆಗಾರ್ತಿ ಅದನ್ನು ಮಗಳ ಕೈಗೆ ಕೊಟ್ಟು ಹಣ ಯಾವಾಗ ಕೈಗೆ ಬರುತ್ತದೆ ಎಂದು ಓದಿಸಿದರು. 2031. "ನೀನು ಕಾಲೇಜು ಮುಗಿಸುವುದು ಯಾವ ವರ್ಷ?" 2029. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹದಿನಾಲ್ಕು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ತುಂಬಿದ ಓದಿನ ಹಣ ಅವಳ ಓದು ಮುಗಿದ ಎರಡು ವರ್ಷದ ಮೇಲೆ ಬರುವುದಿತ್ತು. ಅದಕ್ಕಿಂತ ಹೆಚ್ಚು ನನ್ನನ್ನು ತಟ್ಟಿದ ಮಾತು ಇನ್ನೊಂದು. ವಿಮೆ ಇದ್ದದ್ದು ಮಗಳ ಜೀವದ ಮೇಲೆ. ದುಡಿಯುವವನು ನಾನು. ನಾನು ಹೋದರೆ ಕಂತು ಮನ್ನಾ ಮಾಡುವ ಹೆಚ್ಚುವರಿ ಷರತ್ತನ್ನು (ರೈಡರ್) ಯಾರೂ ಸೇರಿಸಿರಲಿಲ್ಲ. ಅಂದರೆ ನಾನಿಲ್ಲದ ಮನೆಯಲ್ಲಿ ಅವಳವ್ವ ರೊಟ್ಟಿ ಮಾರಿ ಆ ಹದಿನೆಂಟು ಸಾವಿರವನ್ನೂ ಕಟ್ಟಬೇಕಿತ್ತು.

ಅವತ್ತೇ ಅವರು ಬರೆದುಕೊಟ್ಟ ಮೊದಲ ಕೆಲಸ ಬ್ಯಾಂಕಿಗೆ ಹೋಗಿ ಪ್ರಧಾನ ಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆ ಮಾಡಿಸುವುದು. ಒಂದಕ್ಕೆ ವರ್ಷಕ್ಕೆ 436 ರೂಪಾಯಿ, ಇನ್ನೊಂದಕ್ಕೆ 20 ರೂಪಾಯಿ. ಮೊದಲನೆಯದರಲ್ಲಿ ಯಾವ ಕಾರಣಕ್ಕೆ ಸಾವು ಬಂದರೂ ಎರಡು ಲಕ್ಷ, ಎರಡನೆಯದರಲ್ಲಿ ಅಪಘಾತಕ್ಕೆ ಎರಡು ಲಕ್ಷ. ಜೀವನ್ ಜ್ಯೋತಿಗೆ ಐವತ್ತು ವರ್ಷದೊಳಗೆ ಸೇರಬೇಕು, ನನಗೆ ಆಗ ನಲವತ್ತೇಳು. ಆಮೇಲೆ ಇಪ್ಪತ್ತೈದು ಲಕ್ಷದ ಒಂದು ಟರ್ಮ್ ವಿಮೆ, ಅಂದರೆ ಅವಧಿಯೊಳಗೆ ನಾನು ಸತ್ತರೆ ಮಾತ್ರ ಮನೆಗೆ ಹಣ ಬರುವ ವಿಮೆ. ಯಾವ ಕಂಪನಿ ಎಂದು ಕೇಳಿದರೆ ಮೂರು ಹೆಸರು ಬರೆದು, ಎಲ್ಲಿ ಬೇಕಾದರೂ ಮಾಡಿಸಿ ಎಂದರು. ಏನನ್ನೂ ಮಾರದೆ ಸಲಹೆ ಕೊಡುವವರನ್ನು ನಾನು ನೋಡಿದ್ದು ಅದೇ ಮೊದಲು.

ಮಗನ ಹೆಸರಿನ ಪಾಲಿಸಿಯ ವಿಷಯದಲ್ಲಿ ಮಾತ್ರ ಕಷ್ಟವಾಯಿತು. ಅದನ್ನು 2022ರಲ್ಲಿ ಮಾಡಿಸಿದವರು ನನ್ನ ಷಡ್ಡಕರು. ಮಗಳದನ್ನು ಇಷ್ಟು ವರ್ಷ ಕಟ್ಟಿದ್ದೀರಿ, ಮುಗಿಸಿ. ಮಗನದಕ್ಕೆ ಇನ್ನು ಕಂತು ಕಟ್ಟುವುದು ಬೇಡ, ಪೇಯ್ಡ್ ಅಪ್ ಮಾಡಿಸಿ, ಅಂದರೆ ಕಟ್ಟಿದಷ್ಟಕ್ಕೇ ಪಾಲಿಸಿಯನ್ನು ನಿಲ್ಲಿಸಿ ಇಡಿ ಎಂಬುದು ಸಲಹೆ. ಲೆಕ್ಕ ನನಗೆ ಅರ್ಥವಾಯಿತು, ಆದರೆ ನಾಲ್ಕು ತಿಂಗಳು ಕೈ ಓಡಲಿಲ್ಲ. ಒಂದೇ ಮನೆಯ ಹೆಣ್ಣುಮಕ್ಕಳನ್ನು ತಂದುಕೊಂಡವರು ನಾವು, ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವವರು. ಕೊನೆಗೆ ನಾನೇ ಅವರ ಮನೆಗೆ ಹೋಗಿ ಹೇಳಿ ಬಂದೆ. ಸಲಹೆಗಾರ್ತಿ ಹಾಳೆಯಲ್ಲಿ ಗೆರೆ ಎಳೆದಷ್ಟು ಸುಲಭವಾಗಿ ಮನೆಗಳ ನಡುವೆ ಗೆರೆ ಎಳೆಯಲಾಗುವುದಿಲ್ಲ. ಇದಕ್ಕೆ ಬೇಕಾಗುವ ಸಮಯವನ್ನು ಅವರು ತಮ್ಮ ಯೋಜನೆಯಲ್ಲಿ ಇಟ್ಟುಕೊಳ್ಳಬೇಕು.

ಇನ್ನೊಂದು ಕಡೆಯೂ ಅವರು ಅವಸರ ಮಾಡಿದರು. ಆಸ್ತಿಯ ಪಟ್ಟಿಯಲ್ಲಿ ನನ್ನ ಹೆಂಡತಿಯ ಐದು ತೊಲ ಬಂಗಾರವನ್ನು "ಕಾಲೇಜಿಗೆ ಲಭ್ಯ" ಎಂಬ ಸಾಲಿನಲ್ಲಿ ಬರೆದರು. ಅಷ್ಟು ಹೊತ್ತು ಸುಮ್ಮನಿದ್ದ ಅವಳು, "ಅದು ನನ್ನ ತವರಿನದು, ನನ್ನನ್ನು ಕೇಳದೆ ಬರೆದಿರಿ" ಎಂದಳು. ಸಲಹೆಗಾರ್ತಿ ವಾದ ಮಾಡಲಿಲ್ಲ. "ತಪ್ಪಾಯಿತು ಅಕ್ಕಾವರೇ" ಎಂದು ಸಾಲನ್ನು ಹೊಡೆದುಹಾಕಿ, ಬಂಗಾರವಿಲ್ಲದೆಯೇ ಎಲ್ಲ ಲೆಕ್ಕ ಮರುಮಾಡಿದರು. ಅವರು ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿದ್ದವು ಎಂಬುದೂ ಅವಳದೇ ತಕರಾರು. ಮನೆಯ ಅರ್ಧ ಜನ ಓದಲಾಗದ ಯೋಜನೆ ಮನೆಯ ಯೋಜನೆ ಹೇಗಾಗುತ್ತದೆ? ಎರಡನೇ ಭೇಟಿಗೆ ನಾಲ್ಕು ಪುಟ ಕನ್ನಡದಲ್ಲಿ ಕೈಯಲ್ಲೇ ಬರೆದುಕೊಟ್ಟರು. ಆ ನಾಲ್ಕು ಪುಟ ಈಗ ನಮ್ಮ ದೇವರ ಗೂಡಿನ ಪಕ್ಕದ ಕಪಾಟಿನಲ್ಲಿವೆ. ಅದು ಎಲ್ಲರಿಗೂ ಮೊದಲ ದಿನವೇ ಸಿಗಬೇಕು.

ಹಣಕ್ಕಿಂತ ಮೊದಲು ಕಾಗದ ಎಂಬುದು ಅವರು ಪದೇ ಪದೇ ಹೇಳುತ್ತಿದ್ದ ಮಾತು, ಈ ಸೇವೆಯಲ್ಲಿ ನನಗೆ ಅತಿ ಬೆಲೆಯುಳ್ಳದ್ದೆನಿಸಿದ್ದು ಇದೇ ಭಾಗ. ನಮ್ಮ ಭಾಗದವರಿಗೆ ಸಂವಿಧಾನದ 371ಜೆ ವಿಧಿ ಇದೆ ಎಂಬುದು ಎಲ್ಲರಿಗೂ ಗೊತ್ತು. 2012ರ ತಿದ್ದುಪಡಿಯಿಂದ ಬಂದದ್ದು. ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8ರಷ್ಟು ಸೀಟು. ಆದರೆ ಅದರ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಯಿಂದ ಪಡೆದಿರಬೇಕು, ಸಿಇಟಿ ಅರ್ಜಿ ತುಂಬುವ ಹೊತ್ತಿಗೆ ಅದು ಕೈಯಲ್ಲಿರಬೇಕು. ನಾವು ಅರ್ಜಿ ಹಾಕಿಯೇ ಇರಲಿಲ್ಲ. ಫಲಿತಾಂಶ ಬಂದ ಮೇಲೆ ಮಾಡಿಸಿದರಾಯಿತು ಎಂದುಕೊಂಡಿದ್ದೆ.

ಮಗಳು ಒಂದರಿಂದ ಹತ್ತರವರೆಗೆ ಕಲ್ಮಲದ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಮೀಸಲಿದೆ. ಕನ್ನಡದಲ್ಲಿ ಓದಿಸಿದ್ದಕ್ಕೆ ನೆಂಟರ ಮುಂದೆ ಎಷ್ಟೋ ಸಲ ತಲೆ ತಗ್ಗಿಸಿದ್ದೆವು. ಅದೇ ಓದು ಇಲ್ಲಿ ಒಂದು ಹಕ್ಕು ಎಂದು ಕೇಳಿದಾಗ ಮಗಳ ಮುಖ ಅರಳಿದ್ದನ್ನು ನಾನು ಮರೆಯುವುದಿಲ್ಲ. ಅದಕ್ಕೆ ಮುಖ್ಯ ಶಿಕ್ಷಕರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ಸಂಖ್ಯೆ (ಆ ಪತ್ರದ ಕ್ರಮಸಂಖ್ಯೆ) ಸ್ಪಷ್ಟವಾಗಿರಬೇಕು. ನಮ್ಮದರ ಐದು ವರ್ಷದ ಅವಧಿ ಮುಗಿದಿತ್ತು. ಆಧಾರ್‌ನಲ್ಲಿ ನನ್ನ ಹೆಸರು ಪೂರ್ತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಮೊದಲಕ್ಷರ. ಅವರ ಸಹಾಯಕ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವ ಕಚೇರಿಗೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಗುರುತು ಹಾಕಿಕೊಟ್ಟ. ಎಲ್ಲವೂ ಸೇರಿ ಐದು ವಾರ ಹಿಡಿಯಿತು. ಅಂಗಡಿಯಲ್ಲಿ ಹತ್ತಿಯ ಆವಕ ಜೋರಿದ್ದ ಕಾಲ, ರಜೆ ಕೇಳಲು ಬಾಯಿ ಬರುತ್ತಿರಲಿಲ್ಲ. ಜನವರಿಯಲ್ಲಿ ಅರ್ಜಿ ಶುರುವಾದಾಗ ಎಲ್ಲ ಕಾಗದವೂ ಚೀಲದಲ್ಲಿತ್ತು. ಈ ಒಂದು ಹಾಳೆಗೇ ಆರೂವರೆ ಸಾವಿರ ಸಲ್ಲುತ್ತದೆ ಎಂದು ನಾನು ನಂಬುತ್ತೇನೆ.

ಮೇ ಕೊನೆಯಲ್ಲಿ ಸಿಇಟಿ ಫಲಿತಾಂಶ ಬಂದದ್ದೇ ತಡ, ಬೆಂಗಳೂರಿನಿಂದ ಕರೆಗಳು. ನಮ್ಮ ನಂಬರ್ ಅವರಿಗೆ ಎಲ್ಲಿ ಸಿಕ್ಕಿತೋ. ಕಂಪ್ಯೂಟರ್ ಸೈನ್ಸ್, ಮ್ಯಾನೇಜ್‌ಮೆಂಟ್ ಕೋಟಾ, ಮೊದಲ ವರ್ಷಕ್ಕೆ ಎರಡೂವರೆ ಲಕ್ಷ, ಇವತ್ತೇ ಮುಂಗಡ ಕಟ್ಟಿದರೆ ಸೀಟು ನಿಮ್ಮದು. ನಾನು ಆಸೆಪಟ್ಟೆ. ಗಂಜಿನಲ್ಲಿ ಪರಿಚಯದವರ ಹತ್ತಿರ ನೂರಕ್ಕೆ ಎರಡರ ಬಡ್ಡಿಯಲ್ಲಿ ನಾಲ್ಕು ಲಕ್ಷ ಎತ್ತಬಹುದು ಎಂದು ಲೆಕ್ಕ ಹಾಕಿಬಿಟ್ಟಿದ್ದೆ.

ಮರುದಿನ ಆ ಕೋಣೆಯಲ್ಲಿ ಸಲಹೆಗಾರ್ತಿ ಪೆನ್ನನ್ನು ಮಗಳಿಗೆ ಕೊಟ್ಟರು. ನಾಲ್ಕು ವರ್ಷದ ಶುಲ್ಕ ಹತ್ತು ಲಕ್ಷ. ಹಾಸ್ಟೆಲ್ ಮತ್ತು ಊಟ ವರ್ಷಕ್ಕೆ 1,10,000ದಂತೆ 4,40,000. ಲ್ಯಾಪ್‌ಟಾಪ್, ಪುಸ್ತಕ, ಓಡಾಟ 90,000. ಒಟ್ಟು 15,30,000. "ಇದನ್ನು ಹಾಳೆಯ ತಲೆಗೆ ಬರೆದ ಅಂಕಿಯಿಂದ ಭಾಗಿಸು" ಎಂದರು. ಸರಿಯಾಗಿ ಐದು ಬಂತು. ನಾವು ನಾಲ್ವರೂ ಐದು ವರ್ಷ ಒಂದು ಹೊತ್ತಿನ ಊಟವನ್ನೂ ಮಾಡದೆ ಕೂಡಿಟ್ಟರೆ ಅಷ್ಟು. ನಾಲ್ಕು ಲಕ್ಷಕ್ಕೆ ನೂರಕ್ಕೆ ಎರಡು ಎಂದರೆ ತಿಂಗಳಿಗೆ ಎಂಟು ಸಾವಿರ, ವರ್ಷಕ್ಕೆ 96,000 ಬರೀ ಬಡ್ಡಿ. ನೂರಕ್ಕೆ ಎರಡು ಎಂಬ ಮಾತನ್ನು ಗಂಜಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವವನು ನಾನು. ಕೇಳಿ ಕೇಳಿ ಅದು ಸಣ್ಣದಾಗಿ ಕಾಣುತ್ತಿತ್ತು. ಮಗಳೇ ಪೆನ್ನು ಕೆಳಗಿಟ್ಟು, "ಅಪ್ಪಾ, ಇದು ಬೇಡ" ಎಂದಳು. ಅಂಕಿಗಳನ್ನು ಮಗುವಿಂದ ಬಚ್ಚಿಡಬೇಡಿ ಎಂದು ಸಲಹೆಗಾರ್ತಿ ಮೊದಲ ದಿನ ಹೇಳಿದಾಗ ನನಗೆ ಸರಿ ಕಂಡಿರಲಿಲ್ಲ. ಓದುವ ಹುಡುಗಿಯ ತಲೆಯ ಮೇಲೆ ಮನೆಯ ಭಾರ ಏಕೆ ಎನಿಸಿತ್ತು. ಅವತ್ತು ಆ ಕೋಣೆಯಲ್ಲಿ ನನ್ನ ಅಭಿಪ್ರಾಯ ಬದಲಾಯಿತು.

ಸಾಲವೇ ಬೇಡ ಎಂದು ಅವರು ಹೇಳಲಿಲ್ಲ ಎಂಬುದನ್ನೂ ಬರೆಯಬೇಕು. ಒಂದು ಬ್ಯಾಂಕಿನ ಶಾಖೆಯಲ್ಲಿ ಮೂರು ಲಕ್ಷದ ಶಿಕ್ಷಣ ಸಾಲ ವಿಚಾರಿಸಿದಾಗ ಹೊಲದ ಪಹಣಿ ತನ್ನಿ ಎಂದಿದ್ದರು. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಅಡಮಾನವೂ ಬೇಡ, ನಮ್ಮ ಕೈಯಿಂದ ಪಾಲು ಹಾಕುವುದೂ ಬೇಡ, ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆಮೇಲೆ ಹದಿನೈದು ವರ್ಷದವರೆಗೆ ತೀರಿಸಬಹುದು ಎಂದು ಇವರಿಂದ ತಿಳಿಯಿತು. ಶಾಖೆಯಲ್ಲಿ ನಿಂತು ಬೇಡುವ ಬದಲು ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಅರ್ಜಿ ಹಾಕಿದರೆ ದಾಖಲೆ ಉಳಿಯುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎಂಟು ಲಕ್ಷದವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ, ಹತ್ತು ಲಕ್ಷದವರೆಗಿನ ಸಾಲಕ್ಕೆ, ಕಂತಿನ ವಿನಾಯಿತಿಯ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಆದರೆ ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿರಬೇಕು. ಕಾಲೇಜು ಆರಿಸುವ ಮುನ್ನವೇ ಪಟ್ಟಿ ನೋಡಬೇಕು.

ನಮ್ಮಲ್ಲೇ ಇದ್ದ ಹಣವನ್ನೂ ಅವರು ಜಾಗಕ್ಕೆ ತಂದರು. 2015ರಲ್ಲಿ ಸುಕನ್ಯಾ ಸಮೃದ್ಧಿ ಯೋಜನೆ ಬಂದ ವರ್ಷವೇ ಅಂಚೆ ಕಚೇರಿಯಲ್ಲಿ ಮಗಳ ಖಾತೆ ತೆರೆದು ತಿಂಗಳಿಗೆ ಸಾವಿರದಂತೆ ಕಟ್ಟಿದ್ದೆ. ಆ ಪುಸ್ತಕವನ್ನು ಮದುವೆಗೆಂದು ಎತ್ತಿಟ್ಟಿದ್ದೆವು. 1,78,000 ಆಗಿತ್ತು. ಹತ್ತನೇ ತರಗತಿ ಪಾಸಾದ ಮೇಲೆ ಹಿಂದಿನ ಆರ್ಥಿಕ ವರ್ಷದ ಕೊನೆಯ ಶಿಲ್ಕಿನ ಅರ್ಧದವರೆಗೆ ಓದಿಗೆ ತೆಗೆಯಬಹುದು, ಒಮ್ಮೆಗೇ ಬೇಡವೆಂದರೆ ವರ್ಷಕ್ಕೊಮ್ಮೆಯಂತೆ ಐದು ವರ್ಷ. ಶುಲ್ಕದ ರಸೀದಿಯಲ್ಲಿರುವಷ್ಟೇ ಕೊಡುತ್ತಾರೆ. ಜುಲೈಯಲ್ಲಿ ಲಕ್ಷದ ಚೀಟಿಯನ್ನು ಎಪ್ಪತ್ತೈದು ಸಾವಿರಕ್ಕೆ ಕೂಗಿ ಎತ್ತುವ ನನ್ನ ಯೋಚನೆಯನ್ನು ಇದು ನಿಲ್ಲಿಸಿತು.

ಈಗ ನನ್ನ ದೊಡ್ಡ ದೂರು. ಆಪ್ಷನ್ ಎಂಟ್ರಿಯ ವಾರದಲ್ಲಿ ಅವರು ಸಿಗಲೇ ಇಲ್ಲ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ತುಂಬುವ ದಿನಗಳೇ ಮನೆಯವರಿಗೆ ನಿದ್ದೆಗೆಡುವ ದಿನಗಳು. ಎರಡು ದಿನದಲ್ಲಿ ಹನ್ನೊಂದು ಸಲ ಕರೆ ಮಾಡಿದೆ. ಮೊದಲ ಸುತ್ತಿನಲ್ಲಿ ಮಗಳಿಗೆ ಕಲಬುರಗಿಯ ಒಂದು ಕಾಲೇಜಿನಲ್ಲಿ ಸೀಟು ಬಂದಾಗಲೂ ಹೀಗೆಯೇ ಆಯಿತು. ಸೀಟು ಒಪ್ಪಿಕೊಳ್ಳುವುದು ಒಂದನೇ ಆಯ್ಕೆ. ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು ಎರಡನೆಯದು. ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಮೂರನೆಯದು. ಎಲ್ಲದರಿಂದ ಹೊರಬರುವುದು ನಾಲ್ಕನೆಯದು. ಒಂದು ಅಂಕಿ ತಪ್ಪಿ ಒತ್ತಿದರೆ ಇಡೀ ವರ್ಷದ ದುಡಿಮೆ ನೀರುಪಾಲು. ರಾತ್ರಿ ಹತ್ತೂವರೆಗೆ ಅವರು ಮರಳಿ ಕರೆ ಮಾಡುವ ಹೊತ್ತಿಗೆ ಮಗಳು ತಾನೇ ಕೈಪಿಡಿ ಓದಿ ಎರಡನೆಯದನ್ನು ಒತ್ತಿದ್ದಳು. ಕ್ಷಮೆ ಕೇಳಿದರು, ಕುಟುಂಬಗಳು ಹೆಚ್ಚಾಗಿವೆ ಎಂದರು. ಹಾಗಿದ್ದರೆ ಕಡಿಮೆ ಕುಟುಂಬಗಳನ್ನು ತೆಗೆದುಕೊಳ್ಳಬೇಕು ಎಂದು ನಾನು ನೇರವಾಗಿ ಹೇಳಿದೆ. ಈ ವರ್ಷ ಜೂನ್ ತನಕ ಬಾಗಿಲು ಹಾಕಿರುವುದು ಅದಕ್ಕೇ ಇರಬೇಕು.

ಎರಡನೇ ಸುತ್ತಿನಲ್ಲಿ ಮಗಳಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಎಂಜಿನಿಯರಿಂಗ್ ಬಿ.ಟೆಕ್ ಸೀಟು ಸಿಕ್ಕಿತು. ಅವಳ ಪಟ್ಟಿಯಲ್ಲಿ ಅದೇ ಮೊದಲನೆಯದಾಗಿತ್ತು. ಆ ಹೆಸರನ್ನು ಪಟ್ಟಿಗೆ ತಂದದ್ದು ಸಲಹೆಗಾರ್ತಿಯಲ್ಲ, ಅವಳೇ. ರಜೆಯಲ್ಲಿ ನನ್ನ ಜೊತೆ ಗಂಜಿಗೆ ಬಂದು ಹತ್ತಿಯ ತೇವ ಅಳೆಯುವುದನ್ನು, ತೂಕದ ಯಂತ್ರವನ್ನು ಗಂಟೆಗಟ್ಟಲೆ ನೋಡುತ್ತಿದ್ದ ಹುಡುಗಿ. ಸಲಹೆಗಾರ್ತಿ ಮಾಡಿದ್ದು, ಅದಕ್ಕೂ ಕಂಪ್ಯೂಟರ್ ಸೈನ್ಸಿನ ಪಕ್ಕದಲ್ಲೇ ಒಂದು ಹಾಳೆ ಹಾಕಿ ನಾಲ್ಕು ವರ್ಷದ ಲೆಕ್ಕ ಬರೆಸಿದ್ದು. ಕಲ್ಮಲ ಮತ್ತು ವಿಶ್ವವಿದ್ಯಾಲಯ ಎರಡೂ ಲಿಂಗಸುಗೂರು ರಸ್ತೆಯಲ್ಲೇ ಇವೆ. ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ಹಣವಿಲ್ಲ. ಆ ಹಾಳೆಯಲ್ಲಿ ಓಡಾಟದ ಎದುರು ಅವಳು ಸೊನ್ನೆ ಬರೆದಳು. ಈ ವರ್ಷ ಸಾಲ ಬೇಕಾಗಲಿಲ್ಲ.

ಎರಡನೇ ಕಂತು ಕೊಡಲು ಹೋದ ದಿನ ಎಂಟನೇ ತರಗತಿಯ ಮಗ ಜೊತೆಗಿದ್ದ. ಅವನ ಬಗ್ಗೆ ನಾವೇನೂ ಕೇಳಿರಲಿಲ್ಲ. ಸರ್ಕಾರಿ ಶಾಲೆಯವನು, ಆದಾಯ ಮೂರೂವರೆ ಲಕ್ಷದೊಳಗಿದೆ, ಎನ್‌ಎಂಎಂಎಸ್ ಪರೀಕ್ಷೆ ಬರೆಸಿ ಎಂದು ಅವರೇ ಎತ್ತಿ ಹೇಳಿದರು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಅದಕ್ಕೆ ಬೇರೆ ಶುಲ್ಕ ಕೇಳಲಿಲ್ಲ. ಈಗ ದಿನಾ ರಾತ್ರಿ ಊಟವಾದ ಮೇಲೆ ಅಕ್ಕ ತಮ್ಮನನ್ನು ಕೂರಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾಳೆ. ಅವನ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದಿದ್ದೇನೆ.